ಹೆಸರು ಒಬ್ಬಳದು, ಓದುಗರು ಇನ್ನೊಬ್ಬಳ ಕಡೆ

ಬಂಕಿಮಚಂದ್ರ ಚಟ್ಟೋಪಾಧ್ಯಾಯರ ‘ದುರ್ಗೇಶನಂದಿನಿ’ ಅಚ್ಚಾದದ್ದು 1865ರಲ್ಲಿ. ಇಪ್ಪತ್ತು ವರ್ಷಗಳ ನಂತರ, 1885ರಲ್ಲಿ, ಬಿ. ವೆಂಕಟಾಚಾರ್ಯರು ಅದನ್ನು ಕನ್ನಡಕ್ಕೆ ತಂದರು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬರಲು ಆಗಿನ್ನೂ ಹದಿನಾಲ್ಕು ವರ್ಷಗಳಿದ್ದವು. ನಮ್ಮಲ್ಲಿ ಸ್ವಂತ ಸಾಮಾಜಿಕ ಕಾದಂಬರಿ ಕಣ್ಣುಬಿಡುವ ಮೊದಲೇ ಮೊಘಲರು, ಪಠಾಣರು, ರಜಪೂತರು ಕುದುರೆಯೇರಿ ಕನ್ನಡದ ಮನೆಗಳಿಗೆ ಬಂದುಬಿಟ್ಟಿದ್ದರು. ಹೀಗೆ ಬಂದ ಪುಸ್ತಕದ ಬಗ್ಗೆ ಅದರ ತವರಿನಲ್ಲಿ ಎಂಥ ಜಗಳಗಳಾದವು ಎಂಬುದು ಮಾತ್ರ ಕನ್ನಡದಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ಜಗಳ ಒಂದಲ್ಲ, ಮೂರು. ಮೊದಲ ಎರಡಕ್ಕೆ ಈಗ ಅಷ್ಟೇನೂ ಬೆಲೆ ಇಲ್ಲ. ಮೂರನೆಯದು ಇನ್ನೂ ಆರಿಲ್ಲ.

ಕಥೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಬಂಗಾಬ್ದ 997, ಅಂದರೆ ಸುಮಾರು 1590. ಅಕ್ಬರನ ಸೇನಾಪತಿ ಮಾನಸಿಂಗನ ಮಗ ಜಗತ್‌ಸಿಂಗ್ ವಿಷ್ಣುಪುರದಿಂದ ಮಂದಾರಣದ ದಾರಿಯಲ್ಲಿ ಒಬ್ಬನೇ ಬರುತ್ತಿರುವಾಗ ಬಿರುಗಾಳಿ ಎದ್ದು ಶೈಲೇಶ್ವರನ ಗುಡಿ ಹೊಗುತ್ತಾನೆ. ಅಲ್ಲಿ ಕೋಟೆಯೊಡೆಯ ವೀರೇಂದ್ರಸಿಂಹನ ಮಗಳು ತಿಲೋತ್ತಮೆ ಕಾಣುತ್ತಾಳೆ. ಕಂಡದ್ದೇ ತಡ, ಪ್ರೇಮ. ಮುಂದೆ ಪಠಾಣರು ಕೋಟೆ ಹಿಡಿಯುತ್ತಾರೆ, ವೀರೇಂದ್ರಸಿಂಹನ ತಲೆ ಉರುಳುತ್ತದೆ, ಗಾಯಗೊಂಡ ಜಗತ್‌ಸಿಂಗ್ ಸೆರೆಯಾಗುತ್ತಾನೆ. ಅವನನ್ನು ಆರೈಕೆ ಮಾಡಿ ಬದುಕಿಸುವವಳು ನವಾಬ ಕತ್ಲು ಖಾನನ ಮಗಳು ಆಯೇಷಾ. ಪುಸ್ತಕದ ಹೆಸರಿನಲ್ಲಿರುವ ‘ಕೋಟೆಯೊಡೆಯನ ಮಗಳು’ ತಿಲೋತ್ತಮೆ. ಪುಸ್ತಕ ಮುಚ್ಚಿದ ಮೇಲೆ ನೆನಪಿನಲ್ಲಿ ಉಳಿಯುವವಳು ಆಯೇಷಾ.

ಮೊದಲ ಜಗಳ ಭಾಷೆಯದು. ಸಂಸ್ಕೃತದ ಗಂಭೀರ ಪದಗಳ ಪಕ್ಕದಲ್ಲೇ ಆಡುಮಾತನ್ನು ಕೂರಿಸಿದರೆ ಪಂಕ್ತಿಭೇದ ಕೆಟ್ಟಿತು ಎನ್ನುವ ಪಂಡಿತರು ಬಂಗಾಳದಲ್ಲಿ ಬೇಕಾದಷ್ಟಿದ್ದರು. ಆದರೆ ಪಂಡಿತರೆಲ್ಲ ಒಂದೇ ಕಡೆ ಇರಲಿಲ್ಲ. ಅಚ್ಚಿಗೆ ಹೋಗುವ ಮೊದಲು ಬಂಕಿಮರು ಕಾಂಠಾಲಪಾಡಾದ ಮನೆಯಲ್ಲಿ ಹಸ್ತಪ್ರತಿ ಓದಿದಾಗ ಭಾಟಪಾಡಾದ ಪಂಡಿತರೂ ಕೇಳಲು ಕುಳಿತಿದ್ದರಂತೆ. ವ್ಯಾಕರಣದ ತಪ್ಪು ಕಿವಿಗೆ ಬಿದ್ದಿತೇ ಎಂದು ಕೇಳಿದ್ದಕ್ಕೆ, ಕಥೆಯ ಸೆಳೆತದಲ್ಲಿ ಅದನ್ನು ಗಮನಿಸಲು ಪುರುಸೊತ್ತೇ ಆಗಲಿಲ್ಲ ಎಂಬರ್ಥದ ಉತ್ತರ ಬಂತೆಂದು ಅವರ ತಮ್ಮ ಪೂರ್ಣಚಂದ್ರ ಬರೆದಿದ್ದಾರೆ. ನನ್ನ ಮಟ್ಟಿಗೆ ಆ ಕಾದಂಬರಿಗೆ ಸಂದ ಅತ್ಯಂತ ಪ್ರಾಮಾಣಿಕ ವಿಮರ್ಶೆ ಅದು. ಇವತ್ತಿಗೂ ಇದರ ಅಧ್ಯಾಯಗಳು ಓದುಗನ ಕೊರಳಪಟ್ಟಿ ಹಿಡಿದು ಎಳೆಯುತ್ತವೆ.

ಎರಡನೆಯದು ಕಳ್ಳತನದ ಆರೋಪ. ವಾಲ್ಟರ್ ಸ್ಕಾಟನ ‘ಐವನ್‌ಹೋ’ ಓದಿದವರಿಗೆ ಸಂಶಯ ಬರುವುದು ಸಹಜವೇ. ಅಲ್ಲೂ ಗಾಯಗೊಂಡ ವೀರ, ಅಲ್ಲೂ ಅನ್ಯಮತದ ಹೆಣ್ಣಿನ ಆರೈಕೆ, ಅಲ್ಲೂ ಹೇಳಿಕೊಳ್ಳಲಾಗದ ಪ್ರೀತಿ. ಕೊನೆಯಲ್ಲಿ ಯಹೂದಿ ಹುಡುಗಿ ರೆಬೆಕಾ ತನ್ನ ಒಡವೆಯ ಪೆಟ್ಟಿಗೆಯನ್ನು ಮದುವಣಗಿತ್ತಿ ರೊವೆನಾಗೆ ಕೊಟ್ಟು ಹೊರಟುಬಿಡುತ್ತಾಳೆ. ಆಯೇಷಾ ಕೂಡ ತಿಲೋತ್ತಮೆಯ ಮದುವೆಗೆ ಬಂದು ಕೈಯಾರೆ ಅವಳಿಗೆ ಒಡವೆ ತೊಡಿಸುತ್ತಾಳೆ. ತಾನು ಬರೆಯುವಾಗ ‘ಐವನ್‌ಹೋ’ ಓದಿರಲಿಲ್ಲ ಎಂದು ಬಂಕಿಮರು ಹೇಳಿದ್ದನ್ನು ಅವರ ಒಡನಾಡಿಗಳು ದಾಖಲಿಸಿದ್ದಾರೆ. ನಂಬುವವರು ನಂಬಲಿ, ಬಿಡುವವರು ಬಿಡಲಿ. ಓದಿಯೇ ಬರೆದರು ಎಂದುಕೊಂಡರೂ ಗಂಟೇನೂ ಹೋಗುವುದಿಲ್ಲ. ಒಡವೆ ಕೊಟ್ಟದ್ದು ಎರಡೂ ಕಡೆ ಇದೆ ಎಂದು ಕೂಗಿದವರು, ಕೊಟ್ಟ ಮೇಲೆ ಆ ಇಬ್ಬರು ಏನು ಮಾಡಿದರು ಎಂಬುದನ್ನು ಹೋಲಿಸಿ ನೋಡುವ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ಅದಕ್ಕೆ ಮೊದಲು ಸೆರೆಮನೆಯ ದೃಶ್ಯ ನೋಡಬೇಕು. ಇಡೀ ಕಾದಂಬರಿ ನಿಂತಿರುವುದು ಅದರ ಮೇಲೆ. ತಿಲೋತ್ತಮೆ ಕತ್ಲು ಖಾನನ ಜನಾನಾದಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳನ್ನು ಪಾರುಮಾಡಲು, ಅವಳ ಮನೆಯಲ್ಲೇ ಇದ್ದ ವಿಮಲೆ ಒಂದು ಉಂಗುರ ಕೊಡುತ್ತಾಳೆ. ಕಾವಲುಗಾರರಿಗೆ ತೋರಿಸಿದರೆ ಹೊರಗೆ ಬಿಡುವ ಉಂಗುರ. ಹುಡುಗಿ ಓಡಿಹೋಗುವ ಬದಲು ಜಗತ್‌ಸಿಂಗನ ಕೋಣೆಗೆ ಬರುತ್ತಾಳೆ. ಬಂದವಳನ್ನು ಅವನು ಹೆಸರು ಹಿಡಿದು ಕರೆಯುವುದಿಲ್ಲ. ವೀರೇಂದ್ರಸಿಂಹನ ಮಗಳು ಇಲ್ಲೇಕೆ ಬಂದದ್ದು ಎಂದು ಪರಕೀಯಳನ್ನು ಕೇಳುವಂತೆ ಕೇಳುತ್ತಾನೆ. ಶತ್ರುವಿನ ಅಂತಃಪುರದಲ್ಲಿದ್ದವಳು ಎಂಬ ಒಂದೇ ಕಾರಣಕ್ಕೆ ಅವಳನ್ನು ಮನಸ್ಸಿನಿಂದ ಕಿತ್ತುಹಾಕಿ ಕುಳಿತಿದ್ದಾನೆ ಆಸಾಮಿ. ಅವಳು ಅಲ್ಲೇ ಮೂರ್ಛೆ ಹೋಗುತ್ತಾಳೆ. ಅವಳನ್ನು ಎತ್ತಿಕೊಳ್ಳಲು ಬರುವವಳು ಆಯೇಷಾ. ಅದೇ ರಾತ್ರಿ, ಅದೇ ಕೋಣೆಯಲ್ಲಿ, ತನ್ನನ್ನು ಮದುವೆಯಾಗಬೇಕೆಂದಿರುವ ಪಠಾಣ ಸೇನಾಪತಿ ಉಸ್ಮಾನನ ಎದುರಿಗೇ, ಈ ಕೈದಿಯೇ ನನ್ನ ಪ್ರಾಣೇಶ್ವರ ಎಂದು ಅವಳು ಹೇಳಿಬಿಡುತ್ತಾಳೆ.

ಇಬ್ಬರು ಹೆಂಗಸರು ಪ್ರಾಣ ಪಣವಿಟ್ಟು ಆ ಕೋಣೆಗೆ ಬಂದಿದ್ದಾರೆ. ಅಲ್ಲಿರುವ ಗಂಡಸಿಗೆ ಒಬ್ಬಳ ಮೇಲೆ ಸಂಶಯ, ಇನ್ನೊಬ್ಬಳ ಮಾತಿಗೆ ಬೆರಗು. ಇಂಥವನಿಗಾಗಿ ಇಷ್ಟೆಲ್ಲ ಆಗಬೇಕೇ ಎಂದು ಕೇಳುವ ಓದುಗರ ಜೊತೆ ನಾನೂ ಇದ್ದೇನೆ. ಕಥೆ ಮುಂದೆ ಈ ಸಂಶಯವನ್ನು ಬಗೆಹರಿಸುವ ರೀತಿ ಇನ್ನೂ ಸೋಜಿಗ. ಸಾಯುತ್ತಿರುವ ಕತ್ಲು ಖಾನ್ ತಿಲೋತ್ತಮೆ ನಿರ್ದೋಷಿ ಎಂದು ಹೇಳಿ ಕಣ್ಣು ಮುಚ್ಚುತ್ತಾನೆ. ಅಂದರೆ ಹುಡುಗಿಯ ಮಾತಿಗಿಲ್ಲದ ತೂಕ ಅವಳನ್ನು ಸೆರೆಹಿಡಿದವನ ಮಾತಿಗೆ ಸಿಗುತ್ತದೆ. ತಿಲೋತ್ತಮೆಯನ್ನು ಸಪ್ಪೆ ನಾಯಕಿ ಎಂದು ಬೈಯುವವರಿದ್ದಾರೆ. ಬಾಯಿ ತೆರೆಯಲು ಕಾದಂಬರಿಕಾರರೇ ಅವಕಾಶ ಕೊಡದಿದ್ದರೆ ಅವಳಾದರೂ ಏನು ಮಾಡಬೇಕು?

ವಿಮಲೆಯ ವಿಷಯ ಬೇರೆ. ಅವಳನ್ನು ಬಂಕಿಮರು ಕೈಬಿಚ್ಚಿ ಬರೆದಿದ್ದಾರೆ. ಮನೆಯಲ್ಲಿ ಪರಿಚಾರಿಕೆಯಂತೆ ಓಡಾಡುವ ಇವಳು ವೀರೇಂದ್ರಸಿಂಹನ ಹೆಂಡತಿ ಎಂಬುದು ನಮಗೆ ತಡವಾಗಿ ತಿಳಿಯುತ್ತದೆ. ಹುಟ್ಟಿನ ಕಾರಣಕ್ಕೆ ಆ ಮದುವೆಯನ್ನು ಹೊರಗೆ ಹೇಳುವಂತಿಲ್ಲ. ಪ್ರೇಮಿಗಳನ್ನು ಸೇರಿಸಲು ರಾತ್ರಿ ಕೋಟೆಯಿಂದ ಹೊರಹೋದಾಗ ಅವಳು ತೆರೆದಿಟ್ಟ ದಾರಿಯಲ್ಲೇ ಪಠಾಣರು ಒಳನುಗ್ಗುವಂತಾಗುತ್ತದೆ. ಗಂಡನ ತಲೆ ಹೋದ ಮೇಲೆ, ಹುಟ್ಟುಹಬ್ಬದ ಕುಣಿತ-ಕುಡಿತದ ನಡುವೆ ಕತ್ಲು ಖಾನನ ಎದೆಗೆ ಚೂರಿ ಹಾಕುವವಳೂ ಅವಳೇ. ತಪ್ಪು ಮಾಡುವ, ನಗುವ, ಕೊಲ್ಲುವ ಈ ಹೆಂಗಸು ಇರುವ ಪುಟಗಳಲ್ಲಿ ಜಗತ್‌ಸಿಂಗನ ನೆನಪೇ ಆಗುವುದಿಲ್ಲ. ಅಂದಹಾಗೆ ಇತಿಹಾಸದ ಕುತ್ಲು ಖಾನ್ ಸತ್ತದ್ದು ಚೂರಿಯಿಂದಲ್ಲ. ಅಬುಲ್ ಫಜಲನ ಪ್ರಕಾರ ಜಗತ್‌ಸಿಂಗ್ ಪಠಾಣರ ಹಠಾತ್ ದಾಳಿಗೆ ಸಿಕ್ಕಾಗ ವಿಷ್ಣುಪುರದ ಹಮೀರ ಅವನನ್ನು ಪಾರುಮಾಡಿದ, ಸ್ವಲ್ಪ ದಿನಕ್ಕೇ ಕುತ್ಲು ತೀರಿಕೊಂಡ. ಇಷ್ಟು ಎಳೆಗೆ ಬಂಕಿಮರು ಮನೆಯ ಹಿರಿಯರಿಂದ ಕೇಳಿದ ಗಢ ಮಂದಾರಣದ ದಂತಕಥೆ ಸೇರಿಸಿ ಕಾದಂಬರಿ ಹೆಣೆದರು. ಅದಕ್ಕೆ ಅವರನ್ನು ದೂರುವಂತಿಲ್ಲ. ಐತಿಹಾಸಿಕ ಪ್ರೇಮಕಥೆ ಬರೆಯುವವರಿಗೆ ಅಷ್ಟು ಸ್ವಾತಂತ್ರ್ಯ ಇರಲೇಬೇಕು.

ಮೂರನೆಯ ಜಗಳ ಆಯೇಷಾಳದ್ದು. ಬಂಗಾಳದ ಮುಸ್ಲಿಂ ಓದುಗರಲ್ಲಿ ಅನೇಕರಿಗೆ ಅವಳು ಎಷ್ಟೇ ಉದಾತ್ತೆಯಾಗಿ ಕಂಡರೂ, ನವಾಬನ ಮಗಳು ಹಿಂದೂ ರಾಜಕುಮಾರನಿಗಾಗಿ ಕೊರಗುವ ಚಿತ್ರ ಚುಚ್ಚಿತು. ಸೈಯದ್ ಇಸ್ಮಾಯಿಲ್ ಹೊಸೈನ್ ಶಿರಾಜಿ ಇದಕ್ಕೆ ಉತ್ತರವಾಗಿ ‘ರಾಯನಂದಿನಿ’ ಎಂಬ ಕಾದಂಬರಿಯನ್ನೇ ಬರೆದರು. ಅದರಲ್ಲಿ ಕೇದಾರ ರಾಯನ ಮಗಳು ಈಸಾ ಖಾನನನ್ನು ಪ್ರೀತಿಸುತ್ತಾಳೆ. ಹೆಸರಿನಿಂದಲೇ ಏಟಿಗೆ ಎದುರೇಟು. ಒಂದು ಕಾದಂಬರಿಯ ಮೇಲಿನ ಸಿಟ್ಟನ್ನು ಇನ್ನೊಂದು ಕಾದಂಬರಿ ಬರೆದು ತೀರಿಸಿಕೊಂಡ ಓದುಗನ ಮೇಲೆ ನನಗೆ ಗೌರವವಿದೆ. ಆದರೆ ಲೆಕ್ಕ ಚುಕ್ತಾ ಮಾಡಲು ಬರೆದ ಪ್ರೇಮ ಪ್ರೇಮವಾಗುವುದು ಕಷ್ಟ. ಒಬ್ಬ ಹೆಣ್ಣುಮಗಳ ಮನಸ್ಸನ್ನು ಸಮುದಾಯದ ಮಾನದ ಲೆಕ್ಕಕ್ಕೆ ಹಾಕಿದ್ದು ಬಂಕಿಮರ ತಪ್ಪಾದರೆ, ಶಿರಾಜಿ ಮಾಡಿದ್ದೂ ಅದನ್ನೇ, ದಿಕ್ಕು ಬದಲಾಯಿಸಿ.

ಇನ್ನೊಂದು ಪಂಗಡ ಹೇಳುವುದು ಇದಕ್ಕೆ ತದ್ವಿರುದ್ಧ: ಇಡೀ ಪುಸ್ತಕದಲ್ಲಿ ಎಲ್ಲರಿಗಿಂತ ಎತ್ತರದ ವ್ಯಕ್ತಿ ಆಯೇಷಾ, ಅವಳನ್ನು ಸೃಷ್ಟಿಸಿದವರನ್ನು ಪಕ್ಷಪಾತಿ ಎನ್ನುವುದು ಹೇಗೆ? ಉಸ್ಮಾನನನ್ನೂ ಈ ಪಂಗಡದವರು ತೋರಿಸುತ್ತಾರೆ. ಅವನು ದಿಟವಾಗಿಯೂ ಘನವಂತ. ಕಾಡಿನಲ್ಲಿ ಗೋರಿಯನ್ನೂ ಚಿತೆಯನ್ನೂ ಸಿದ್ಧಮಾಡಿಟ್ಟು ಜಗತ್‌ಸಿಂಗನನ್ನು ದ್ವಂದ್ವಕ್ಕೆ ಕರೆಯುವ, ಸೋತವನ ಸಂಸ್ಕಾರಕ್ಕೂ ವ್ಯವಸ್ಥೆ ಮಾಡುವ ಶತ್ರು ಅವನು. ಈ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ಆಯೇಷಾ ಎತ್ತರದವಳು, ನಿಜ. ಆದರೆ ಆ ಎತ್ತರದಲ್ಲಿ ನಿಂತು ಮಾಡಲು ಅವಳಿಗೆ ಬಂಕಿಮರು ಕೊಟ್ಟ ಕೆಲಸ ಯಾವುದು?

ಒಡವೆ ಕೊಟ್ಟ ಮೇಲೆ ರೆಬೆಕಾ ತನ್ನ ಜನರ ನಡುವೆ, ರೋಗಿಗಳ ಸೇವೆಗೆ ಹೊರಡುತ್ತಾಳೆ. ಧರ್ಮ ಬದಲಾಯಿಸು ಎಂಬ ಮಾತು ಬಂದಾಗ ಆಗುವುದಿಲ್ಲ ಎಂದು ಖಂಡಿತವಾಗಿ ಹೇಳುತ್ತಾಳೆ. ಪ್ರೀತಿ ದಕ್ಕದಿದ್ದರೂ ಅವಳಿಗೊಂದು ಬಾಳು ಉಳಿದಿದೆ. ಆಯೇಷಾ ಮನೆಗೆ ಮರಳಿ ವಿಷವಿರುವ ಉಂಗುರವನ್ನು ಕೈಯಲ್ಲಿ ಹಿಡಿದು ಕೂರುತ್ತಾಳೆ. ಕುಡಿಯುವುದು ಬೇಡ ಎಂದು ತೀರ್ಮಾನಿಸುವಾಗಲೂ ಅವಳ ಮುಂದಿರುವ ಪ್ರಶ್ನೆಗಳಲ್ಲಿ ಒಂದು, ಜಗತ್‌ಸಿಂಗ್ ಕೇಳಿದರೆ ಏನೆಂದುಕೊಂಡಾನು ಎಂಬುದು. ಉಂಗುರ ಕೋಟೆಯ ಕಂದಕಕ್ಕೆ ಬೀಳುತ್ತದೆ. ಸರಿ, ಅವಳು ಸಾಯಲಿಲ್ಲ. ನಾಳೆ ಬೆಳಗ್ಗೆ ಎದ್ದು ಏನು ಮಾಡುತ್ತಾಳೆ? ಕಾದಂಬರಿಗೆ ಗೊತ್ತಿಲ್ಲ, ಗೊತ್ತಾಗಬೇಕೆಂಬ ಕುತೂಹಲವೂ ಇಲ್ಲ. ಅವಳನ್ನು ಮದುವೆಯಾಗಬಹುದೇ ಎಂಬ ಪ್ರಶ್ನೆ ಜಗತ್‌ಸಿಂಗನ ತಲೆಗೆ ಗಂಭೀರವಾಗಿ ಬರುವುದೇ ಇಲ್ಲ. ಬೇಡ ಎನ್ನುವ ಹಕ್ಕನ್ನೂ ಹೀಗೆ ಅವಳಿಂದ ಕಸಿದುಕೊಳ್ಳಲಾಗಿದೆ.

ಅಂದಿನ ಕಾಲದಲ್ಲಿ ಅಂಥ ಮದುವೆ ಅಸಾಧ್ಯವಿತ್ತು ಎನ್ನುವವರಿಗೆ ಉತ್ತರ ಜಗತ್‌ಸಿಂಗನ ಮನೆಯಲ್ಲೇ ಇದೆ. ಅವನ ಮುತ್ತಜ್ಜ ಭಾರಮಲ್ಲನ ಮಗಳು 1562ರಲ್ಲಿ ಅಕ್ಬರನ ಕೈಹಿಡಿದಿದ್ದಳು. ಅವನ ಸೋದರತ್ತೆ 1585ರಲ್ಲಿ, ಮುಂದೆ ಜಹಾಂಗೀರನಾದ ಸಲೀಮನನ್ನು ಮದುವೆಯಾಗಿದ್ದಳು. ಆದರೆ ಆ ಮದುವೆಗಳೆಲ್ಲ ಒಂದೇ ದಿಕ್ಕಿನವು: ರಜಪೂತರ ಹೆಣ್ಣು, ಮೊಘಲರ ಗಂಡು. ಪ್ರಭುತ್ವ ಯಾರದು ಎಂಬುದನ್ನು ಅವೇ ಹೇಳುತ್ತವೆ. 1865ರಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದ ಒಬ್ಬ ಬಂಗಾಳಿ ಬ್ರಾಹ್ಮಣರು ಆ ದಿಕ್ಕನ್ನು ಕಲ್ಪನೆಯಲ್ಲಿ ತಿರುಗಿಸಿ ಬರೆದರು, ಆದರೆ ಮದುವೆಯವರೆಗೆ ಹೋಗಲು ಅವರಿಗೆ ಧೈರ್ಯ ಬರಲಿಲ್ಲ, ಮನಸ್ಸೂ ಇದ್ದಂತಿಲ್ಲ. ಚರಿತ್ರೆಯ ಜಗತ್‌ಸಿಂಗ್ 1599ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ. 1608ರಲ್ಲಿ ಅವನ ಮಗಳನ್ನು ಜಹಾಂಗೀರನಿಗೆ ಕೊಟ್ಟು ಮದುವೆಯಾಯಿತು.