ಕ್ಯಾಮೆರಾಕ್ಕೆ ಬಿಟ್ಟುಕೊಟ್ಟ ನಿರ್ಧಾರಗಳು

ಹೊಸಬರ ಕಿರುಚಿತ್ರಗಳಲ್ಲಿ ಪದೇ ಪದೇ ಕಾಣುವ ದೃಶ್ಯವೊಂದಿದೆ. ನಡುಮನೆಯಲ್ಲಿ ಕೂತ ತಾಯಿ, ಎದುರಿಗೆ ತೆರೆದ ಬಾಗಿಲು. ಕ್ಯಾಮೆರಾ ಬಾಗಿಲ ಕಡೆ ತಿರುಗಿ ಹೊರಗಿನ ಬಿಸಿಲು ಚೌಕಟ್ಟಿಗೆ ಬಂದದ್ದೇ ತಾಯಿಯ ಮುಖ ಕಪ್ಪಿಡುತ್ತದೆ. ಮಗ ಹೊಸ್ತಿಲಲ್ಲಿ ನಿಂತು ಬೆಳಕಿಗೆ ಅಡ್ಡವಾದ ಕೂಡಲೇ ಅದೇ ಮುಖ ಬೆಳ್ಳಗಾಗುತ್ತದೆ. ಈ ನಡುವೆ ಗೋಡೆಯ ಬಣ್ಣ ಹಳದಿಯಿಂದ ನೀಲಿಗೆ ಜಾರಿರುತ್ತದೆ, ಫೋಕಸ್ ಹಿಂದಿನ ಕ್ಯಾಲೆಂಡರಿಗೆ ಹೋಗಿ ವಾಪಸು ಬಂದಿರುತ್ತದೆ. ನಟಿ ಚೆನ್ನಾಗಿಯೇ ಅಭಿನಯಿಸಿದ್ದಾಳೆ, ಮಾತೂ ಹದವಾಗಿದೆ. ಆದರೆ ನೋಡುಗನ ಕಣ್ಣು ತಾಯಿಯ ಸಂಕಟವನ್ನು ಬಿಟ್ಟು ಬೆಳಕಿನ ಏರಿಳಿತದ ಹಿಂದೆ ಹೋಗಿಬಿಡುತ್ತದೆ.

ಇಲ್ಲಿರುವುದು ಮೂರು ತಪ್ಪು ಅನ್ನಿಸಬಹುದು. ಮೂಲದಲ್ಲಿ ಇರುವುದು ಒಂದೇ. ಚಿತ್ರ ಮಾಡುವವರು ತೀರ್ಮಾನಿಸಬೇಕಿದ್ದುದನ್ನು ಯಂತ್ರ ತೀರ್ಮಾನಿಸಿದೆ. ಆಟೋ ಎಕ್ಸ್‌ಪೋಷರ್ ಚೌಕಟ್ಟಿನೊಳಗಿನ ಬೆಳಕನ್ನು ಅಳೆದು ಒಂದು ಸರಾಸರಿಗೆ ತರುತ್ತದೆ. ಈ ಕ್ಷಣದಲ್ಲಿ ಕಥೆಗೆ ಯಾರ ಮುಖ ಬೇಕು ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಗೊತ್ತಿರುವವರು ಶಾಟ್‌ಗೆ ಮೊದಲೇ ಆ ಮುಖಕ್ಕೆ ಎಕ್ಸ್‌ಪೋಷರ್ ಹೊಂದಿಸಿ, ಅದನ್ನೂ ವೈಟ್ ಬ್ಯಾಲೆನ್ಸನ್ನೂ ಲಾಕ್ ಮಾಡಿ, ಬಾಗಿಲು ಬೆಳ್ಳಗಾದರೆ ಆಗಲಿ ಎಂದೋ, ತಾಯಿಯನ್ನು ಎರಡು ಹೆಜ್ಜೆ ಪಕ್ಕಕ್ಕೆ ಕೂರಿಸೋಣ ಎಂದೋ ನಿರ್ಧರಿಸಬೇಕು.

ಇದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. 2015ರಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ತೆರೆಕಂಡ ಶಾನ್ ಬೇಕರ್ ಅವರ ‘ಟ್ಯಾಂಜರೀನ್’ ಐಫೋನ್ 5ಎಸ್‌ನಲ್ಲಿ ಚಿತ್ರೀಕರಣವಾದ ಸಿನಿಮಾ. ಆ ತಂಡ ಫೋನಿಗೆ ಅನಮಾರ್ಫಿಕ್ ಅಡಾಪ್ಟರ್ ಜೋಡಿಸಿತು. ಎಕ್ಸ್‌ಪೋಷರ್, ಫೋಕಸ್‌ಗಳನ್ನು ಕೈಯಾರೆ ಹಿಡಿದಿಡಲು ಫಿಲ್ಮಿಕ್ ಪ್ರೊ ಎಂಬ ಆ್ಯಪ್ ಬಳಸಿತು. ಫೋನಿನಲ್ಲೂ ಸಿನಿಮಾ ಆಗುತ್ತದೆ ಎಂಬುದಕ್ಕೆ ಈ ಚಿತ್ರವನ್ನು ಎಲ್ಲರೂ ಉದಾಹರಿಸುತ್ತಾರೆ. ಆ ಫೋನನ್ನು ಅದರ ಪಾಡಿಗೆ ಬಿಟ್ಟಿರಲಿಲ್ಲ ಎಂಬ ಅರ್ಧ ಮಾತ್ರ ಉದಾಹರಣೆಯಿಂದ ಬಿಟ್ಟುಹೋಗುತ್ತದೆ.

ನಮ್ಮ ಕಡೆಯ ಹೊಸಬರನ್ನು ಹೆಚ್ಚು ಕಾಡುವುದು ಟ್ಯೂಬ್‌ಲೈಟಿನಡಿ ತೆಗೆದ ಚಿತ್ರದಲ್ಲಿ ಮೇಲೆ ಕೆಳಗೆ ಹರಿದಾಡುವ ಕಪ್ಪು ಪಟ್ಟಿಗಳು. ಕಾರಣ ಸರಳ. ಭಾರತದ ವಿದ್ಯುತ್ತು 50 ಹರ್ಟ್ಜ್‌ನದು. ಅದರಿಂದ ಉರಿಯುವ ಹಳೆಯ ಟ್ಯೂಬ್‌ಲೈಟು ಮತ್ತು ಅಗ್ಗದ ಎಷ್ಟೋ ಎಲ್ಇಡಿಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ 1/50 ಅಥವಾ 1/100 ಸೆಕೆಂಡಿಗಿದ್ದರೆ ಪ್ರತಿ ಫ್ರೇಮಿಗೂ ಏರಿಳಿತದ ಪೂರ್ಣ ಸುತ್ತುಗಳು ದಕ್ಕುತ್ತವೆ, ಬೆಳಕು ಸಮನಾಗಿರುತ್ತದೆ. ಅಮೆರಿಕದ ಕರೆಂಟು 60 ಹರ್ಟ್ಜ್‌ನದು. ಅಲ್ಲಿಯವರ ಯೂಟ್ಯೂಬ್ ಪಾಠ ನೋಡಿ 30 ಫ್ರೇಮ್, 1/60 ಶಟರ್ ಇಟ್ಟವರ ಚಿತ್ರದಲ್ಲಿ ಪಟ್ಟಿಗಳು ಮೂಡುವುದು ಇದಕ್ಕೇ. 25 ಫ್ರೇಮ್, 1/50 ಇಟ್ಟರೆ ಬಹುಪಾಲು ತೊಂದರೆ ಅಲ್ಲಿಗೇ ಮುಗಿಯುತ್ತದೆ. 24 ಫ್ರೇಮೇ ಬೇಕೆನ್ನುವವರು ಶಟರ್ ಕೋನವನ್ನು 172.8 ಡಿಗ್ರಿಗೆ ಇಡುತ್ತಾರೆ, ಅದೂ 1/50 ಸೆಕೆಂಡೇ. ಅದೇ ಟ್ಯೂಬ್‌ಲೈಟಿನಡಿ ಸೆಕೆಂಡಿಗೆ 120 ಫ್ರೇಮಿನ ಸ್ಲೋಮೋಷನ್ ಮಾತ್ರ ಒಗ್ಗದು. ಒಂದು ಫ್ರೇಮಿಗೆ ಸಿಗುವ ಸಮಯ ಹೆಚ್ಚೆಂದರೆ 1/120 ಸೆಕೆಂಡು. ಒಂದು ಪೂರ್ಣ ಸುತ್ತಿಗೂ ಅದು ಸಾಲದು. ಆ ದೃಶ್ಯವನ್ನು ಹಗಲು ಬೆಳಕಿಗೆ ಒಯ್ಯುವುದೇ ಜಾಣತನ.

ಹೊರಾಂಗಣದಲ್ಲಿ ಇದೇ ಶಟರ್ ಇನ್ನೊಂದು ಬಗೆಯಲ್ಲಿ ಕೈಕೊಡುತ್ತದೆ. ಮಧ್ಯಾಹ್ನದ ಬಿಸಿಲನ್ನು ತಗ್ಗಿಸಲು ಕ್ಯಾಮೆರಾ ತಾನಾಗಿ 1/2000ಕ್ಕೆ ಏರಿದರೆ ಪ್ರತಿ ಫ್ರೇಮೂ ಚಾಕುವಿನಷ್ಟು ಚೂಪಾಗಿ, ನಡೆಯುವ ಮನುಷ್ಯ ಕತ್ತರಿಸಿ ಅಂಟಿಸಿದವನಂತೆ ಚಲಿಸುತ್ತಾನೆ. ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಒಂದು ಎನ್‌ಡಿ ಫಿಲ್ಟರ್ ಹಾಕಿದರೆ ಸಾಕು.

2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದಾಗ ಫುಲ್‌ಫ್ರೇಮ್ ಸೆನ್ಸರಿನ ಮಸುಕು ಹಿನ್ನೆಲೆ ಮೊದಲ ಬಾರಿಗೆ ಬಡ ನಿರ್ದೇಶಕರ ಕೈಗೆ ಬಂತು. ಆಗ ಶುರುವಾದ ಮೋಹ ಇನ್ನೂ ಇಳಿದಿಲ್ಲ. ಕುಂದಾಪುರದ ಮೀನು ಮಾರುಕಟ್ಟೆಗೇ ಹೋಗಿ ಚಿತ್ರೀಕರಿಸಿ, ಮಾರುಕಟ್ಟೆಯೇ ಕಾಣದಂತೆ ಎಫ್/1.4ರಲ್ಲಿ ಮಸುಕು ಮಾಡುವುದರಲ್ಲಿ ಯಾವ ಸಾರ್ಥಕ್ಯವಿದೆ? ನಟ ಉಸಿರೆಳೆದು ಮುಂದೆ ಬಾಗಿದರೂ ಕಣ್ಣು ಫೋಕಸ್ ತಪ್ಪುತ್ತದೆ. ‘ಬ್ಯಾರಿ ಲಿಂಡನ್’ನ (1975) ಮೇಣದಬತ್ತಿ ದೃಶ್ಯಗಳಿಗೆ ಸ್ಟ್ಯಾನ್ಲಿ ಕುಬ್ರಿಕ್ ಎಫ್/0.7ರ ಝೈಸ್ ಲೆನ್ಸ್ ಬಳಸಿದ್ದು ನಿಜ. ಆದರೆ ನಟರು ಹೆಚ್ಚು ಅಲುಗದಂತೆ ನೋಡಿಕೊಂಡು, ಪಕ್ಕದಿಂದ ವಿಡಿಯೊ ಕ್ಯಾಮೆರಾ ಇಟ್ಟು ದೂರವನ್ನು ಗಮನಿಸುತ್ತ ಫೋಕಸ್ ಹಿಡಿಯಬೇಕಾಗಿತ್ತು. ಇಬ್ಬರೇ ಇರುವ ತಂಡಕ್ಕೆ ಎಫ್/4 ಅಥವಾ 5.6 ಎಷ್ಟೋ ಕ್ಷೇಮ.

ಕ್ಯಾಮೆರಾದ ಎತ್ತರದ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ, ಆದರೆ ಚಿತ್ರದ ಗುಣವನ್ನು ಅದು ಆಳವಾಗಿ ತಟ್ಟುತ್ತದೆ. ಹೊಸಬರ ಟ್ರೈಪಾಡು ಬಹುತೇಕ ಅವರದೇ ಕಣ್ಣಿನ ಎತ್ತರಕ್ಕೆ ನಿಂತಿರುತ್ತದೆ. ನಮ್ಮ ಕಥೆಗಳ ಜನರೋ ಚಾಪೆಯ ಮೇಲೆ, ಜಗುಲಿಯಲ್ಲಿ, ಅರಳಿಕಟ್ಟೆಯಲ್ಲಿ ಕೂತವರು. ನಿಂತವನ ಎತ್ತರದಿಂದ ನೋಡಿದಾಗ ಅವರ ನೆತ್ತಿ ಕಾಣುತ್ತದೆ, ಕಣ್ಣು ತಪ್ಪಿಹೋಗುತ್ತದೆ. ನೋಟದಲ್ಲಿ ಅರಿಯದೆಯೇ ಒಂದು ಯಜಮಾನಿಕೆ ಸೇರಿಕೊಳ್ಳುತ್ತದೆ. ಜಪಾನಿನ ಯಸುಜಿರೊ ಒಝು ಚಾಪೆಯ ಬದುಕನ್ನು ನೋಡಲು ಕ್ಯಾಮೆರಾವನ್ನು ನೆಲಕ್ಕೆ ಹತ್ತಿರ ಇಳಿಸಿದರು. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನಾಣಿ ಎಂಬ ಹುಡುಗನ ಕಣ್ಣಿನಿಂದ ಯಮುನೆಯ ದುರಂತವನ್ನು ಕಾಣಿಸುತ್ತದೆ. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪಿನ ಛಾಯಾಗ್ರಹಣದ ಈ ಚಿತ್ರವನ್ನು ಕಲಿಯುವವರು ಕಥೆಗಾಗಿ ಒಮ್ಮೆ, ಯಾರ ನೋಟ ಎಲ್ಲಿಂದ ಹೊರಡುತ್ತದೆ ಎಂದು ಗುರುತಿಸಲು ಇನ್ನೊಮ್ಮೆ ನೋಡಬೇಕು.

ಇಬ್ಬರು ಮಾತಾಡುವಾಗ ನಡುವಿನ ರೇಖೆ ದಾಟಿ ಶಾಟ್ ತೆಗೆದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡಿದಂತೆ ಕಾಣುತ್ತದೆ. ಈ ರೇಖೆ ದಾಟಬಾರದೆಂಬ ನಿಯಮವನ್ನು ಒಝು ತಿಳಿದೇ ಮುರಿದರು ಎಂಬ ನೆವ, ಅದನ್ನು ತಿಳಿಯದೆ ಮುರಿದವರಿಗೆ ಒದಗದು. ತಲೆಯ ಮೇಲೆ ಗೇಣು ಖಾಲಿ ಜಾಗ ಬಿಡುವುದು, ಫೋನಿನ ಡಿಜಿಟಲ್ ಝೂಮ್ ಎಳೆಯುವುದು ಮೊದಲ ವಾರದ ತಪ್ಪುಗಳು, ಬೇಗ ಬಿಟ್ಟುಹೋಗುತ್ತವೆ.

ಕಾರಣವಿಲ್ಲದ ಚಲನೆ ಅಷ್ಟು ಬೇಗ ಬಿಡದು. ಗಿಂಬಲ್ ಕೈಗೆ ಬಂದರೆ ಪ್ರತಿ ಶಾಟೂ ತೇಲಬೇಕು. ಡ್ರೋನ್ ಸಿಕ್ಕರೆ ಸಕಲೇಶಪುರದ ಬೆಟ್ಟದ ಮೇಲಿಂದಲೇ ಕಥೆ ಶುರುವಾಗಬೇಕು. ಪಾತ್ರ ಎದ್ದಾಗ, ಏನನ್ನೋ ಗಮನಿಸಿದಾಗ, ಒಬ್ಬರಿಂದ ದೂರ ಸರಿದಾಗ ಚಲಿಸುವ ಕ್ಯಾಮೆರಾಕ್ಕೆ ಅರ್ಥವಿದೆ. ಉಳಿದ ಹೊತ್ತಿನಲ್ಲಿ ಅದು ಸುಮ್ಮನೆ ನಿಂತರೆ ನಟರಿಗೇ ಲಾಭ.

‘ಇರಲಿ ಬಿಡಿ, ಡಿಐನಲ್ಲಿ ಸರಿಮಾಡ್ಕೊಳ್ಳೋಣ’ ಎಂಬ ಮಾತು ಸೆಟ್ಟುಗಳಲ್ಲಿ ಕೇಳಿಬರುತ್ತಲೇ ಇರುತ್ತದೆ. ಡಿಐ ಎಂದರೆ ಚಿತ್ರೀಕರಣದ ನಂತರ ಬಣ್ಣ, ಬೆಳಕು ತಿದ್ದುವ ಹಂತ. ಪೂರ್ತಿ ಬೆಳ್ಳಗೆ ಸುಟ್ಟುಹೋದ ಆಕಾಶದಲ್ಲಿ ಅದಕ್ಕೆ ಹೆಕ್ಕಲು ಏನೂ ಉಳಿದಿರುವುದಿಲ್ಲ. ಬೆಳಕಿನ ಬಗ್ಗೆ ಮೊದಲೇ ಯೋಚಿಸುವ ಶಿಸ್ತಿಗೆ ಕನ್ನಡನಾಡಿನಲ್ಲೇ ದೊಡ್ಡ ಪರಂಪರೆಯಿದೆ. ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ. ಗುರುದತ್ ಅವರ ‘ಕಾಗಜ್ ಕೆ ಫೂಲ್’ನಲ್ಲಿ (1959) ಸ್ಟುಡಿಯೊದ ಕತ್ತಲನ್ನು ಸೀಳುವ ಆ ಬೆಳಕಿನ ಕಂಬವನ್ನು ಮೂರ್ತಿ ರೂಪಿಸಿದ್ದು ಕನ್ನಡಿಗಳಿಂದ ಬಿಸಿಲನ್ನು ಒಳಗೆ ತಿರುಗಿಸಿ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು.

ಅನುಭವ ಇಲ್ಲದಿರುವುದೂ ಅಂಥ ಅಡ್ಡಿಯಲ್ಲ. ‘ಪಥೇರ್ ಪಾಂಚಾಲಿ’ಗೆ ಮೊದಲು ಅದರ ಛಾಯಾಗ್ರಾಹಕ ಸುಬ್ರತ ಮಿತ್ರ ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ. ಮುಂದಿನ ‘ಅಪರಾಜಿತೊ’ದಲ್ಲಿ (1956) ಕಾಶಿಯ ಮನೆಯಂಗಳವನ್ನು ಸ್ಟುಡಿಯೊದಲ್ಲಿ ಕಟ್ಟಬೇಕಾದಾಗ, ಮೇಲೆ ಬಿಳಿ ಬಟ್ಟೆ ಬಿಗಿದು, ಕೆಳಗಿನಿಂದ ಅದಕ್ಕೆ ದೀಪ ಹಾಯಿಸಿ, ನೆರಳಿಲ್ಲದ ಹಗಲನ್ನು ತಂದರು. ಒಂದು ಬಿಳಿ ಪಂಚೆ, ಒಂದು ಥರ್ಮೊಕೋಲ್ ಹಲಗೆ ಇವತ್ತಿನ ಕಿರುಚಿತ್ರ ತಂಡಕ್ಕೂ ಎಟಕುತ್ತವೆ.

ಇನ್ನೊಂದು ತಪ್ಪು ಎಡಿಟಿಂಗ್ ಮೇಜಿಗೆ ಬಂದಾಗಲೇ ಗೊತ್ತಾಗುವಂಥದ್ದು. ಮಾತು ಮುಗಿದ ತಕ್ಷಣ ಕ್ಯಾಮೆರಾ ಆಫ್ ಮಾಡಿರುತ್ತಾರೆ. ಕೇಳಿಸಿಕೊಂಡವನ ಮುಖ ಎಲ್ಲೂ ದಾಖಲಾಗಿರುವುದಿಲ್ಲ. ಮಾತಿನ ಹಿಂದೆ ಮುಂದೆ ಐದೈದು ಸೆಕೆಂಡು ಹೆಚ್ಚು ಓಡಿಸಿ, ಆ ರಾತ್ರಿಯೇ ರಶಸ್ಸನ್ನು ದೊಡ್ಡ ಪರದೆಯಲ್ಲಿ ನೋಡುವ ತಂಡಕ್ಕೆ ಮರುದಿನ ಅದೇ ಜಾಗದಲ್ಲಿ, ಅದೇ ಬಟ್ಟೆಯಲ್ಲಿ ಬಿಟ್ಟುಹೋದ ಶಾಟನ್ನು ತೆಗೆದುಕೊಳ್ಳುವ ಅವಕಾಶವಿರುತ್ತದೆ.