ಮರಳಿ ಕರೆಯುವ ಕಾನೂನು: ಒಂದು ವಿಮರ್ಶೆ

ದೋಷವುಳ್ಳ ವಾಹನವನ್ನು ತಯಾರಕನೇ ಮರಳಿ ಕರೆಯಿಸಿ ಸರಿಪಡಿಸಿಕೊಡಬೇಕೆಂಬ ತತ್ತ್ವ ನಮ್ಮ ಕಾನೂನಿಗೆ ತಡವಾಗಿ ಬಂದಿತು. 2010ರಲ್ಲಿ ಕೆಲವು ನ್ಯಾನೋ ಕಾರುಗಳಿಗೆ ಬೆಂಕಿ ಹತ್ತಿದ ಮೇಲೆ ತಯಾರಕ ಸಂಸ್ಥೆಯು ವಿದ್ಯುತ್ ವ್ಯವಸ್ಥೆಗೂ ಹೊಗೆಕೊಳವೆಗೂ ಹೆಚ್ಚಿನ ರಕ್ಷಣೆಯನ್ನು ಉಚಿತವಾಗಿ ಒದಗಿಸಲು ಮುಂದಾಯಿತಾದರೂ, ಅದನ್ನು ಮರಳಿ ಕರೆಯೆಂದು ಒಪ್ಪಲಿಲ್ಲ. 2012ರಲ್ಲಿ ತಯಾರಕರ ಸಂಘದ ಸ್ವಯಂಸಂಹಿತೆ ಬಂದಿತು. 2019ರ ತಿದ್ದುಪಡಿಯು ಮೋಟಾರು ವಾಹನ ಕಾಯಿದೆಗೆ 110ಎ ಪ್ರಕರಣವನ್ನು ಸೇರಿಸಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದುವು. ಸರ್ಕಾರದ ಆಜ್ಞೆಗೊಳಗಾದ ತಯಾರಕನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ ದಂಡವುಂಟು. ದೋಷವನ್ನು ತಾನಾಗಿ ತಿಳಿಸಿ ಕಾರ್ಯಪ್ರವೃತ್ತನಾದವನಿಗೆ ದಂಡವಿಲ್ಲ. ಈ ವಿವೇಚನೆ ಶ್ಲಾಘ್ಯವಾದುದು.

ಆದರೆ ವಿಧಿಯ ಬೆಲೆಯನ್ನು ಅದು ಯಾರನ್ನು ಮುಟ್ಟುತ್ತದೆಂಬುದರಿಂದ ಅಳೆಯಬೇಕು. ಇಂಜಿನಿನ ತಂತಿಗಳ ದೋಷವನ್ನೇ ನಿದರ್ಶನವಾಗಿ ಪರಿಶೀಲಿಸೋಣ. ಕಂಪನದಿಂದ ತಂತಿಯ ಹೊದಿಕೆ ಲೋಹಕ್ಕೆ ಉಜ್ಜಿ ಸವೆಯುತ್ತದೆ. ಬರಿದಾದ ತಂತಿ ಲೋಹವನ್ನು ಮುಟ್ಟಿದೊಡನೆ ಪ್ರವಾಹ ಅಡ್ಡದಾರಿ ಹಿಡಿದು ಕಾವೇರುತ್ತದೆ. ಫ್ಯೂಸು ಕೈಕೊಟ್ಟರೆ ಬೆಂಕಿಯೇ ಗತಿ. ಆ ಬೆಂಕಿ ದೋಷದ ಸಾಕ್ಷ್ಯವನ್ನೂ ಸುಟ್ಟುಬಿಡುತ್ತದೆ. ಬೆಂಕಿಗೆ ಮುನ್ನ ದೋಷ ಕಂಡರೂ, ಊರ ಮೆಕ್ಯಾನಿಕ್ಕು ಟೇಪು ಸುತ್ತಿ ಕಳುಹಿಸುತ್ತಾನೆ. ದೂರು ಹುಟ್ಟುವುದೇ ಇಲ್ಲ. ಹೀಗಿರಲಾಗಿ, ಮಾಲೀಕರ ದೂರುಗಳ ಪ್ರಮಾಣವನ್ನು ಮರಳಿ ಕರೆಗೆ ಒಂದು ಆಧಾರವನ್ನಾಗಿಸಿರುವ ವಿಧಿಯು, ದೂರು ಬರೆಯಬಲ್ಲ ನಗರವಾಸಿಯನ್ನೇ ಮನಸ್ಸಿನಲ್ಲಿಟ್ಟುಕೊಂಡಿದೆಯೆಂದು ಹೇಳದೆ ವಿಧಿಯಿಲ್ಲ.

ಕೆಎ-64 ಸಂಖ್ಯೆಯ ಮಧುಗಿರಿ ಸಾರಿಗೆ ಕಚೇರಿಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ನೋಡಿ. ಇಲ್ಲಿ ಕಡಲೆಕಾಯಿಯ ಮೂಟೆಯನ್ನೂ ಮದುವೆಯ ದಿಬ್ಬಣವನ್ನೂ ಹೊರುವ ವಾಹನ ಹಲವು ವೇಳೆ ಎರಡನೆಯ ಅಥವಾ ಮೂರನೆಯ ಕೈಯದು. ತಯಾರಕನ ಕಡತದಲ್ಲಿರುವುದು ಮೊದಲು ಕೊಂಡವನ ವಿಳಾಸ. ಇದಲ್ಲದೆ, ನಿಯಮಗಳ ವ್ಯಾಪ್ತಿ 7 ವರ್ಷ ಮೀರದ ವಾಹನಗಳಿಗೆ ಮಾತ್ರ. ತಂತಿಯ ಹೊದಿಕೆ ಮುಪ್ಪಾಗುವ ಹೊತ್ತಿಗೆ ರಕ್ಷಣೆ ಮುಗಿದಿರುತ್ತದೆ. ಹೊಸ ದೀಪಕ್ಕಾಗಿ, ಹಾರನ್ನಿಗಾಗಿ ಮಾಲೀಕನೇ ತಂತಿ ಕತ್ತರಿಸಿ ಜೋಡಿಸಿಕೊಂಡಿದ್ದರೆ ಹೊಣೆ ತಯಾರಕನದಲ್ಲವೆಂಬ ವಾದ ನ್ಯಾಯವೇ; ಆದರೆ ಮೂಲದೋಷವನ್ನು ಅದರ ಮರೆಯಲ್ಲಿ ಅಡಗಿಸುವುದು ನ್ಯಾಯವಲ್ಲ.

ಶಿರಾದಿಂದ ಉತ್ತರಕ್ಕೆ ಸಾಗುವ ಹೆದ್ದಾರಿಯಲ್ಲಿ, ಹಿರಿಯೂರು ತಾಲ್ಲೂಕಿನೊಳಗೆ, 2020ರ ಆಗಸ್ಟ್ 12ರಂದು ಬಸ್ಸೊಂದಕ್ಕೆ ಬೆಂಕಿ ಹತ್ತಿ ಮಕ್ಕಳೂ ಸೇರಿ 5 ಮಂದಿ ಮೃತಪಟ್ಟರು. ಆ ದುರಂತವನ್ನು ತಯಾರಿಕೆಯ ದೋಷಕ್ಕೆ ಗಂಟುಹಾಕುವುದು ಯುಕ್ತವಲ್ಲ. ಓಡುವ ವಾಹನದ ಬೆಂಕಿ ಎಷ್ಟು ಕಡಿಮೆ ಅವಕಾಶ ಕೊಡುತ್ತದೆಂಬುದಕ್ಕೆ ಮಾತ್ರ ಅದು ನಿದರ್ಶನ.

ಪರಿಹಾರ ಕಾಯಿದೆಯೊಳಗೇ ಇದೆ. ಅದರ 50ನೆಯ ಪ್ರಕರಣದಂತೆ, ರಾಜ್ಯದೊಳಗೆ ವಾಹನವನ್ನು ಮಾರಿದವನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಆದುದರಿಂದ ಈಗಿನ ಮಾಲೀಕನಾರೆಂಬುದನ್ನು ತಯಾರಕನಿಗಿಂತ ಚೆನ್ನಾಗಿ ಬಲ್ಲುದು ಆ ಕಚೇರಿಯೇ. ಮರಳಿ ಕರೆಯ ತಿಳಿವಳಿಕೆ ಪತ್ರವು ಅದರ ಮೂಲಕ, ಕನ್ನಡದಲ್ಲಿ, ಈಗಿನ ಮಾಲೀಕನ ಹೆಸರಿಗೆ ಹೋಗತಕ್ಕದ್ದೆಂದೂ, ತಂತಿಯ ದೋಷಗಳಿಗೆ 7 ವರ್ಷದ ಮಿತಿ ಅನ್ವಯಿಸದೆಂದೂ ನಿಯಮಗಳಲ್ಲಿ ಸೇರಿಸುವುದು ಅವಶ್ಯಕ.