ಕರ್ಬಲ್ ಉಪಗ್ರಹಗಳ ವಿದ್ಯುತ್ ಲೆಕ್ಕ

‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಆಟದಲ್ಲಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದರೆ ಅರ್ಧ ಕೆಲಸ ಮಾತ್ರ ಮುಗಿಯುತ್ತದೆ. ಅಲ್ಲಿ ಅದನ್ನು ಜೀವಂತವಾಗಿಡಲು ವಿದ್ಯುತ್ ಬೇಕು, ಭೂಮಿಯ ಜಾಗದಲ್ಲಿರುವ ಕರ್ಬಿನ್ ಗ್ರಹದ ಜೊತೆ ಮಾತಾಡಲು ಆಂಟೆನಾ ಬೇಕು. ಮೆಕ್ಸಿಕೊ ಸಿಟಿಯ ಸ್ಕ್ವಾಡ್ ಸಂಸ್ಥೆ ಈ ಆಟವನ್ನು 2011ರಲ್ಲಿ ಮೊದಲು ಹೊರತಂದಿತು. ಪೂರ್ಣ ಆವೃತ್ತಿ ಬಂದದ್ದು 2015ರ ಏಪ್ರಿಲ್‌ನಲ್ಲಿ. 2016ರ 1.2 ಆವೃತ್ತಿ ಸಂವಹನ ಜಾಲವನ್ನು ಸೇರಿಸಿದ ಮೇಲೆ ಉಪಗ್ರಹಗಳಿಗೆ ನಿಜವಾದ ಉದ್ಯೋಗ ಸಿಕ್ಕಿತು.

ವಿನ್ಯಾಸದ ಹಂತದಲ್ಲಿ ಆಟ ಕಲಿಸುವ ಪಾಠ ಗಟ್ಟಿಯಾದದ್ದು. ಕರ್ಬಿನ್‌ನ ತ್ರಿಜ್ಯ 600 ಕಿ.ಮೀ. ಅದರ ಮೇಲೆ 100 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಒಂದು ಸುತ್ತಿಗೆ ಸುಮಾರು 1,960 ಸೆಕೆಂಡು ಹಿಡಿಯುತ್ತದೆ. ಅದರಲ್ಲಿ ಹೆಚ್ಚೆಂದರೆ 640 ಸೆಕೆಂಡು ಗ್ರಹದ ನೆರಳಿನಲ್ಲಿ ಕಳೆಯುತ್ತದೆ. ಸೆಕೆಂಡಿಗೆ ಅರ್ಧ ಯೂನಿಟ್ ಬಳಸುವ ಉಪಗ್ರಹಕ್ಕೆ ಕತ್ತಲಲ್ಲಿ 320 ಯೂನಿಟ್ ಬೇಕು, ಅಂದರೆ 400 ಯೂನಿಟ್‌ನ ಬ್ಯಾಟರಿ ಸಾಕು. ಆದರೆ ಸೌರಫಲಕ ಬಿಸಿಲಿರುವ ಹೊತ್ತಿನಲ್ಲಿ ಇಡೀ ಸುತ್ತಿನ ಖರ್ಚನ್ನು ದುಡಿಯಬೇಕು, ಅಂದರೆ ಸೆಕೆಂಡಿಗೆ ಸುಮಾರು 0.75 ಯೂನಿಟ್. ತಲಾ 0.35 ಕೊಡುವ ಎರಡು ಸ್ಥಿರ ಫಲಕಗಳು ಸೂರ್ಯನಿಗೆ ನೇರ ಮುಖ ಮಾಡಿದ್ದರೂ ಕೊರತೆಯೇ. ಒಂದೊಂದು ಸುತ್ತಿಗೂ ಬ್ಯಾಟರಿ ಚೂರುಚೂರೇ ಇಳಿದು ಕೊನೆಗೆ ಉಪಗ್ರಹ ಮಾತು ನಿಲ್ಲಿಸುತ್ತದೆ. ಫಲಕದ ಮೇಲೆ ಬಿಸಿಲು ಬೀಳುವ ಕೋನ, ಬೇರೆ ಭಾಗಗಳ ನೆರಳು, ಸೂರ್ಯನಿಂದ ದೂರ ಇವನ್ನೂ ಆಟ ಗಣಿಸುತ್ತದೆ. ಜೂಲ್ ಗ್ರಹದ ಬಳಿ ಕರ್ಬಿನ್‌ನ ಬಿಸಿಲಿನ ಶೇ. 4ರಷ್ಟು ಮಾತ್ರ ಸಿಗುವುದರಿಂದ ಆಟಗಾರ ಸಾಮಾನ್ಯವಾಗಿ ಪರಮಾಣು ವಿದ್ಯುದಾಕರದ ಕಡೆ ತಿರುಗಬೇಕಾಗುತ್ತದೆ.

ಈ ಪಾಠದ ತೂಕ ತಿಳಿಯಲು ಕೆನಡಾದ ಟೊರೊಂಟೊ ಬಳಿಯ ಓಕ್‌ವಿಲ್‌ನ ಆಟಗಾರ ದೂರ ಹೋಗಬೇಕಿಲ್ಲ. ಟೊರೊಂಟೊ ವಿಶ್ವವಿದ್ಯಾಲಯದ ಸ್ಪೇಸ್ ಫ್ಲೈಟ್ ಲ್ಯಾಬೊರೇಟರಿ ಇರುವುದು ಅದೇ ಮಹಾನಗರ ವಲಯದಲ್ಲಿ. ಅದರ ಕ್ಯಾನ್‌ಎಕ್ಸ್-2 ಉಪಗ್ರಹವನ್ನು 2008ರ ಏಪ್ರಿಲ್ 28ರಂದು ಇಸ್ರೊದ ಪಿಎಸ್‌ಎಲ್‌ವಿ-ಸಿ9 ಶ್ರೀಹರಿಕೋಟದಿಂದ ಹೊತ್ತೊಯ್ದಿತು. ಸುಮಾರು ಮೂರೂವರೆ ಕಿಲೊ ತೂಕದ ಆ ಪುಟ್ಟ ಉಪಗ್ರಹದ ಮೈಮೇಲೇ ಸೌರಕೋಶಗಳನ್ನು ಅಂಟಿಸಲಾಗಿತ್ತು. ಯಾವ ಮಗ್ಗುಲು ತಿರುಗಿದರೂ ಒಂದಿಷ್ಟು ಬಿಸಿಲು ಸಿಗಬೇಕೆಂಬ ಈ ಉಪಾಯವನ್ನೇ ಅನುಭವಿ ಕರ್ಬಲ್ ಆಟಗಾರರೂ ಅನುಸರಿಸುತ್ತಾರೆ.

ಆಟ ಸೋಲುವುದು ಕಕ್ಷೆಯ ಸೂಕ್ಷ್ಮಗಳಲ್ಲಿ. ಟೊರೊಂಟೊದ ಅದೇ ಪ್ರಯೋಗಾಲಯ ಕೈಜೋಡಿಸಿ ರೂಪಿಸಿದ ಮೋಸ್ಟ್ ದೂರದರ್ಶಕ ಉಪಗ್ರಹ 2003ರ ಜೂನ್ 30ರಂದು ಹಾರಿ, ಸುಮಾರು 820 ಕಿ.ಮೀ. ಎತ್ತರದಲ್ಲಿ ಹಗಲು-ಇರುಳಿನ ಗಡಿಯ ಮೇಲೇ ಸುತ್ತಿತು. ಭೂಮಿಯ ನಡು ಉಬ್ಬಿರುವುದರಿಂದ ಅಂಥ ಕಕ್ಷೆಯ ತಲ ದಿನಕ್ಕೆ ಸುಮಾರು ಒಂದು ಡಿಗ್ರಿ ತಿರುಗುತ್ತ ಸೂರ್ಯನನ್ನು ಹಿಂಬಾಲಿಸುತ್ತದೆ. ಬಿಸಿಲು ಹೆಚ್ಚುಕಡಿಮೆ ಸದಾ ಸಿಗುತ್ತದೆ. ಕರ್ಬಿನ್‌ನ ಗುರುತ್ವ ದೋಷವಿಲ್ಲದ ಗೋಳದ್ದು. ಹಾಗಾಗಿ ಅಲ್ಲಿ ಈ ಕಕ್ಷೆ ಸಾಧ್ಯವೇ ಇಲ್ಲ. ಕರ್ಬಿನ್‌ನ ಅಕ್ಷಕ್ಕೆ ಓರೆಯೂ ಇಲ್ಲ. ನಿಜವಾದ ಭೂಸ್ಥಿರ ಉಪಗ್ರಹಕ್ಕೆ ವಿಷುವದ ಆಸುಪಾಸಿನ ವಾರಗಳಲ್ಲಷ್ಟೇ ಗ್ರಹಣ. ಆಟದಲ್ಲಿ ಅದು ಪ್ರತಿ ಸುತ್ತಿಗೂ ಸುಮಾರು 20 ನಿಮಿಷ ತಪ್ಪದೆ ಬರುತ್ತದೆ.

ಸಂವಹನದಲ್ಲಿ ಸಡಿಲಿಕೆ ಇನ್ನೂ ಹೆಚ್ಚು. ಎರಡು ಆಂಟೆನಾಗಳ ಸಾಮರ್ಥ್ಯಗಳ ಗುಣಲಬ್ಧದ ವರ್ಗಮೂಲದಿಂದ ವ್ಯಾಪ್ತಿ ಕಂಡುಹಿಡಿಯುವ ಸೂತ್ರ ಸರಳ, ಚೆನ್ನಾಗಿಯೂ ಇದೆ. ಆದರೆ ದಿಕ್ಕಿನ ಪ್ರಶ್ನೆಯೇ ಏಳುವುದಿಲ್ಲ. ಓಕ್‌ವಿಲ್‌ನ ಮನೆಗಳ ಮೇಲಿನ ಟಿವಿ ಡಿಶ್ ದಕ್ಷಿಣದ ಆಕಾಶಕ್ಕೆ ಹೆಚ್ಚೆಂದರೆ 40 ಡಿಗ್ರಿ ಎತ್ತರದಲ್ಲಿ ನಿಖರವಾಗಿ ಗುರಿಯಿಡಬೇಕು. ಆಟದ ಡಿಶ್ ಬೆನ್ನು ತಿರುಗಿಸಿದ್ದರೂ ಸಂಕೇತ ದಾಟುತ್ತದೆ. ಬೇರೆ ನೌಕೆಯ ಸಂಕೇತವನ್ನು ಮುಂದಕ್ಕೆ ಕಳಿಸುವ ಉಪಗ್ರಹಕ್ಕೆ ಆ ಕೆಲಸದಿಂದ ವಿದ್ಯುತ್ ಖರ್ಚೂ ಇಲ್ಲ. ಆಟಗಾರ ಬೇರೆ ನೌಕೆಗೆ ಹೋದೊಡನೆ ಹಿಂದೆ ಬಿಟ್ಟ ಉಪಗ್ರಹದ ಬ್ಯಾಟರಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಅತಿ ದೊಡ್ಡ ಕೊರತೆ ಕಾಲದ್ದು. ಆಟದಲ್ಲಿ ಸೌರಫಲಕ ಮಾಸುವುದಿಲ್ಲ, ಬ್ಯಾಟರಿ ಮುಪ್ಪಾಗುವುದಿಲ್ಲ. ನೈಜ ಪ್ಲುಟೋನಿಯಂ-238ರ ಅರ್ಧಾಯು 87.7 ವರ್ಷವಾದರೆ ಆಟದ ಪರಮಾಣು ಆಕರ ಎಂದೂ ತಣಿಯದು. ನಿಜದ ಉಪಗ್ರಹಗಳಿಗೆ ಆ ಭಾಗ್ಯವಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ನೇತೃತ್ವದಲ್ಲಿ ಸಿದ್ಧವಾದ ಆರ್ಯಭಟ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. 26 ಮುಖಗಳ, 360 ಕಿಲೊದ ಆ ಉಪಗ್ರಹದ ಲೆಕ್ಕ ಕಾಗದದ ಮೇಲೆ ಸರಿಯಿತ್ತು. ಆದರೂ ವಿದ್ಯುತ್ ವ್ಯವಸ್ಥೆ ಕೈಕೊಟ್ಟು ನಾಲ್ಕೈದು ದಿನಗಳಲ್ಲೇ ವೈಜ್ಞಾನಿಕ ಪ್ರಯೋಗಗಳು ನಿಂತವು. ಮೋಸ್ಟ್ ಹದಿನೈದು ವರ್ಷಕ್ಕೂ ಹೆಚ್ಚು ಬಾಳಿ 2019ರಲ್ಲಿ ನಿಂತದ್ದೂ ವಿದ್ಯುತ್ ತೊಂದರೆಯಿಂದಲೇ ಎಂದು ವರದಿಯಾಯಿತು. ಲೆಕ್ಕ ಸರಿಯಿದ್ದೂ ಕೆಟ್ಟುಹೋಗುವ ಈ ಬಗೆಗೆ ಮೂಲ ಆಟದಲ್ಲಿ ಎಡೆಯಿಲ್ಲ.

ಅಭಿಮಾನಿಗಳು ರಚಿಸಿದ ‘ಕರ್ಬಲಿಸಂ’ ಸೇರ್ಪಡೆ ಕಣ್ಮರೆಯ ಉಪಗ್ರಹಗಳ ವಿದ್ಯುತ್ತನ್ನೂ ಗಣಿಸಿ, ಭಾಗಗಳು ಕೆಡುವಂತೆ ಮಾಡಿ ಈ ತೂತುಗಳನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಆದರೆ ಹೊಸಬರಿಗೆ ಅದು ಹೊರೆ. ಮೂಲ ಆಟದ ಸಡಿಲಿಕೆ ಹತ್ತಾರು ಉಪಗ್ರಹಗಳನ್ನು ಒಬ್ಬನೇ ನಿಭಾಯಿಸಲು ಅನುವು ಮಾಡುತ್ತದೆ ಎಂಬುದೂ ನಿಜ. ಹಾಗಾಗಿ ಉಪಗ್ರಹ ವಿನ್ಯಾಸದ ಮೊದಲ ಪಠ್ಯವಾಗಿ ಕರ್ಬಲ್ ಉತ್ತಮ, ಉಪಗ್ರಹ ನಿರ್ವಹಣೆಯ ಪಠ್ಯವಾಗಿ ಅಪೂರ್ಣ.